ಮಸುಕಾಗಿ ಶುರುವಾದ ಟ್ರೇಲರ್

ಹೊಸ ಟ್ರೇಲರ್ ಬಂದರೆ ಮೊದಲ ಆಟಕ್ಕೂ ಮುಂಚೆ ಖಾಲಿ ಥಿಯೇಟರಿನಲ್ಲಿ ಒಮ್ಮೆ ಓಡಿಸಿ ನೋಡಲೇಬೇಕು, ಅದು ಚಿಕ್ಕಪ್ಪನ ಕಟ್ಟಪ್ಪಣೆ. ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಗೆ ಅವನೇ ರಾಜ, ಪುಟ್ಟಿ ಅವನ ಸಹಾಯಕಿ. ಚಿಕ್ಕಪ್ಪನದು ಹದ್ದಿನ ಕಣ್ಣು. ತೆರೆಯ ಮೇಲೆ ಕೂದಲೆಳೆಯಷ್ಟು ಮಸುಕಿದ್ದರೂ "ಯಾವನೋ ಅದು ಕ್ಯಾಮೆರಾ ಹಿಡಿದೋನು, ನಿದ್ದೆ ಮಾಡ್ತಿದ್ನಾ?" ಎಂದು ಗುಡುಗುತ್ತಾನೆ. ಅದಕ್ಕೇ ಪುಟ್ಟಿ, ಫೋನಿನಲ್ಲಿ ತೆಗೆದ ತನ್ನ ಪುಟಾಣಿ ಸಿನಿಮಾವನ್ನು ಪೆನ್‌ಡ್ರೈವಿಗೆ ತುಂಬಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳೇ ಹೊರತು, "ಇದನ್ನೊಂದು ನೋಡು" ಎನ್ನುವ ಮಾತು ಗಂಟಲು ದಾಟಿರಲಿಲ್ಲ. ಅವನು ಚೆನ್ನಾಗಿಲ್ಲ ಅಂದುಬಿಟ್ಟರೆ ಮುಗಿಯಿತು, ಇನ್ನು ಜನ್ಮದಲ್ಲಿ ಸಿನಿಮಾ ತೆಗೆಯುವುದಿಲ್ಲ ಎಂದು ತೀರ್ಮಾನಿಸಿದ್ದಳು.

ಅವತ್ತಿನ ಟ್ರೇಲರ್ ಶುರುವಾದದ್ದೇ ಮಸುಕಾಗಿ. ತೆರೆಯ ತುಂಬ ಬರೀ ಬಣ್ಣದ ಮುದ್ದೆಗಳು.

"ಏ, ಫೋಕಸ್ ಹೋಗಿದೆ ಕಣೇ!"

"ನಾನೇನೂ ಮುಟ್ಟಿಲ್ಲ ಚಿಕ್ಕಪ್ಪಾ!"

"ಮುಟ್ಟಿಲ್ಲ ಅಂತ ನಿಂತ್ರೆ ಆಗುತ್ತಾ? ಈಗ ಮುಟ್ಟು!"

ಅವಳು ಲೆನ್ಸನ್ನು ಒಂದು ಕಡೆಗೆ ತಿರುಗಿಸಿದಳು, ಸಾಲದು ಅಂತ ಅವನು ಇನ್ನಷ್ಟು ತಿರುಗಿಸಿದ. ಅಷ್ಟರಲ್ಲಿ ತೆರೆಯಿಂದ ಒಂದು ಹುಡುಗಿಯ ದನಿ: "ಅಜ್ಜೀ, ಅಲ್ಲಾಡ್ಬೇಡ, ನಂಗಿನ್ನೂ ಫೋಕಸ್ ಸಿಕ್ಕಿಲ್ಲ!"

ಇಬ್ಬರೂ ಒಟ್ಟಿಗೇ ಲೆನ್ಸಿನಿಂದ ಕೈ ಹಿಂದೆಳೆದುಕೊಂಡರು. ಮಸುಕು ಸಿನಿಮಾದ್ದೇ! ಸಿನಿಮಾ ಮಾಡಲು ಹೊರಟ ಹುಡುಗಿಯ ಕತೆ ಅದು. ಅಲ್ಲಿ ಅವಳಿಗೆ ಫೋಕಸ್ ಸಿಕ್ಕಿತು, ಇಲ್ಲಿ ಇವರ ಕೈಚಳಕಕ್ಕೆ ಅಜ್ಜಿಯ ಮುಖ ಹತ್ತಿಯ ಉಂಡೆಯಾಗಿತ್ತು.

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಚೋಟುದ್ದದ ಹುಡುಗಿ ನಂಗೇ ಟೋಪಿ ಹಾಕಿದ್ಲಲ್ಲೇ! ಸರಿಮಾಡು, ಮೊದಲಿಂದ ಹಾಕು."

ಎರಡನೇ ಸಲ ಪುಟ್ಟಿ ಗೋಡೆಯ ಕಿಂಡಿಗೆ ಮೂಗು ಒತ್ತಿಕೊಂಡು ನೋಡಿದಳು. ಮಸುಕು ಮೆಲ್ಲಗೆ ಕರಗಿ ಅಜ್ಜಿಯ ಮುಖ ತೆರೆಯ ತುಂಬ ಅರಳಿತು, ಒಂದೊಂದು ಸುಕ್ಕೂ ಕಾಲುದಾರಿಯಷ್ಟು ಅಗಲ! ಹುಡುಗಿ ಕ್ಯಾಮೆರಾ ಹಿಡಿದು ಇಟ್ಟಿಗೆ ಸಾಗಿಸುವ ತಳ್ಳುಗಾಡಿಯಲ್ಲಿ ಕೂತಿದ್ದಾಳೆ, ತಮ್ಮ ಬೈದುಕೊಂಡೇ ತಳ್ಳುತ್ತಿದ್ದಾನೆ. ಬಲ್ಬು ಹಿಡಿದ ಅಪ್ಪ ಅಡ್ಡ ಬಂದು ನಾಲಿಗೆ ಕಚ್ಚಿಕೊಳ್ಳುತ್ತಾನೆ. ಚಿತ್ರ ನಡುಗುತ್ತದೆ, ಓಲಾಡುತ್ತದೆ, ಆದರೂ ಕಣ್ಣು ಕೀಳಲಾಗುವುದಿಲ್ಲ. ಕೊನೆಗೆ ಬೀದಿಗೆ ಅಡ್ಡ ಕಟ್ಟಿದ ಬಿಳಿ ಬೆಡ್‌ಶೀಟು, ಅದರ ಮುಂದೆ ನೆರೆಹೊರೆಯವರು. ಹುಡುಗಿ ಮಾತ್ರ ಹಿಂದೆ ಉಗುರು ಕಚ್ಚುತ್ತ ನಿಂತಿದ್ದಾಳೆ. ಜನ ಏನಂದರು ಎಂದು ತೋರಿಸುವ ಮುಂಚೆಯೇ ಕತ್ತಲು.

"ಅಬ್ಬಾ," ಎಂದ ಚಿಕ್ಕಪ್ಪ. "ಆ ಕೈ ನಡುಗೋದೇ ಎಷ್ಟು ಚೆನ್ನಾಗಿದೆ ನೋಡು."

ಅವನ ಬಾಯಲ್ಲಿ ಆ ಮಾತು! ಪುಟ್ಟಿಯ ನಾಲಿಗೆ ತನ್ನಷ್ಟಕ್ಕೆ ಜಾರಿತು. "ನಂದೂ ನಡುಗುತ್ತೆ."

"ಏನು ನಿಂದು?"

"ನಂದೂ ಒಂದು ಸಿನಿಮಾ ಇದೆ. ಚಿಕ್ಕದು. ಬಯ್ಯಲ್ಲ ಅಂದ್ರೆ ಹಾಕ್ತೀನಿ."

"ಕಳ್ಳಿ! ನನ್ನ ಹತ್ರಾನೇ ಬಚ್ಚಿಟ್ಟಿದ್ಯಾ? ಬಯ್ಯೋದು ಬಿಡೋದು ಆಮೇಲೆ. ಹಾಕು."

ಅವಳು ಪೆನ್‌ಡ್ರೈವ್ ಸಿಕ್ಕಿಸುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

"ಎಲ್ಲಿಗೆ? ಈ ಕಿಂಡಿಯಿಂದಲೇ ಕಾಣುತ್ತಲ್ಲಾ!"

"ಕಿಂಡಿಯಿಂದ ನೋಡೋದು ತಪ್ಪು ಹುಡುಕೋಕೆ ಕಣೇ," ಎನ್ನುತ್ತ ಮೆಟ್ಟಿಲಿಳಿದ.

ಪುಟ್ಟಿ ಬಗ್ಗಿ ನೋಡಿದಳು. ಸಾಲುಸಾಲು ಖಾಲಿ ಕುರ್ಚಿಗಳ ನಟ್ಟನಡುವೆ ಒಂದೇ ಒಂದು ತಲೆ. ಹೌಸ್‌ಫುಲ್ ಆಟಗಳಲ್ಲೂ ಅಷ್ಟು ದೊಡ್ಡ ಜನಸಂದಣಿಯನ್ನು ಅವಳು ಕಂಡಿರಲಿಲ್ಲ.

"ಇನ್ನೂ ಎಷ್ಟೊತ್ತೇ? ಸಿನಿಮಾ ಬಿಡು!"

ಬಿಟ್ಟಳು.