ನೂರಕ್ಕೆ ಎಪ್ಪತ್ತು

ಮೂಗಿನ ತುದಿಯಲ್ಲಿ ಕೆರೆತ, ಸರಿಯಾಗಿ ಮಾಸ್ಕಿನ ಅಂಚು ಕೂರುವ ಜಾಗದಲ್ಲೇ, ಬೇಕೆಂದೇ ಶುರುವಾದ ಹಾಗೆ, ಎರಡು ಜೊತೆ ಕೈಗವಸು, ತಲೆಗೆ ಮುಸುಕು, ಕಣ್ಣಿಗೆ ಕನ್ನಡಕ, ಕಾಲಿಗೆ ಗವಸು, ಇಷ್ಟೆಲ್ಲ ಏರಿಸಿಕೊಂಡ ಮೇಲೇ ಈ ಮೂಗಿಗೆ ತಾನೊಂದು ಇದ್ದೇನೆಂದು ನೆನಪಾಗುವುದು, ಕೆರೆದರೆ ಕೈಗವಸು ಬದಲಿಸಬೇಕು, ಬದಲಿಸಿದರೆ ಪುಸ್ತಕದಲ್ಲಿ ಬರೆಯಬೇಕು, ಬರೆದರೆ ಮೈಕಪ್ಪ ಕೇಳುತ್ತಾನೆ, ಯಾಕೆ ಬದಲಾಯಿಸಿದ್ರಿ ಮೇಡಂ — ಮೂಗು ಕೆರೀತು ಸಾರ್ ಅಂತ ಕಾರಣದ ಕಾಲಮ್ಮಿನಲ್ಲಿ ಬರೆಯಲೇ? ಬೇಡ, ಕೆರೆಯಲಿ, ಹಾಳಾಗಿ ಹೋಗಲಿ. ಗಾಜಿನಾಚೆ ಕೂತಿದ್ದಾನೆ ನಮ್ಮ ಮೇಲ್ವಿಚಾರಕ ಮಹಾಶಯ, ಗುಂಡಿ ಒತ್ತಿದರೆ ನನ್ನ ನೆತ್ತಿಯ ಮೇಲಿನ ಸ್ಪೀಕರಿನಿಂದ ದನಿ, ದಿನಕ್ಕೆ ಎಂಟು ಗಂಟೆ ನನ್ನ ನೆತ್ತಿಯ ಮೇಲೇ ಬೀಳುವ ದನಿ, ಅದಕ್ಕೇ ಮೈಕಪ್ಪ ಎಂದು ಹೆಸರು ಇಟ್ಟಿದ್ದು, ಅವನಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾನೆ. ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಹನ್ನೊಂದಕ್ಕೆ ಚೀಲ ಆಪರೇಷನ್ ಥಿಯೇಟರಿನ ಬಾಗಿಲಲ್ಲಿರಬೇಕು.

ಚೀಲ, ಅಷ್ಟೇ, ಕಾಗದದ ಮೇಲೆ ಅದಕ್ಕೆ ಎರಡು ಸಾಲು ಉದ್ದದ ಹೆಸರಿದೆ, ನಾವು ಹೇಳುವುದು ಚೀಲ, ಬೆಂಕಿಪೊಟ್ಟಣದಷ್ಟು ಅಗಲ, ರಟ್ಟಿನಷ್ಟು ದಪ್ಪ, ಕಣ್ಣಿಗೆ ಕಾಣದ ತೂತುಗಳ ಬಟ್ಟೆ, ಒಳಗೆ ಜೀವಕೋಶ ತುಂಬಿ ಬಾಯಿ ಮುಚ್ಚಿ ಹೊಟ್ಟೆಯ ಚರ್ಮದಡಿ ಇಟ್ಟು ಹೊಲಿದರೆ, ರಕ್ತದಲ್ಲಿ ಸಕ್ಕರೆ ಏರಿದಾಗ ಅವೇ ಇನ್ಸುಲಿನ್ ಬಿಡುತ್ತವೆ, ಇಳಿದಾಗ ಅವೇ ಸುಮ್ಮನಾಗುತ್ತವೆ, ಯಾರೂ ಸೂಜಿ ಚುಚ್ಚಬೇಕಿಲ್ಲ, ಮೈಯ ಕಾವಲು ಕೋಶಗಳು ಆ ತೂತಿನಲ್ಲಿ ನುಗ್ಗಿ ಬಂದು ಇವನ್ನು ಕೊಲ್ಲಲಾರವು — ಇದನ್ನೆಲ್ಲ ಅತ್ತೆಗೆ ಅರ್ಧ ಗಂಟೆ ಬಿಡಿಸಿ ಹೇಳಿದೆ, ಹೌದಾ ಹೌದಾ ಎಂದು ತಲೆಯಾಡಿಸಿ ಕೇಳಿದರು, ಆಮೇಲೆ ಪಕ್ಕದ ಮನೆಯವರಿಗೆ ಹೇಳಿದ್ದೇನು, ನಮ್ಮ ಸೊಸೆ ದೊಡ್ಡಾಸ್ಪತ್ರೇಲಿ ಚೀಲ ತುಂಬೋ ಕೆಲ್ಸಕ್ಕೆ ಹೋಗ್ತಾಳೆ ಕಣ್ರೀ. ಪಕ್ಕದ ಮನೆಯಾಕೆ ಕೇಳಿದಳಂತೆ, ಹಿಟ್ಟಾ, ಸಿಮೆಂಟಾ. ನಮ್ಮವರು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕರು, ನಗಲಿ, ಹದಿನಾರು ವರ್ಷ ಓದಿ ಬಂದವಳು ನಾನು, ಆರು ವಾರದಿಂದ ಭಾನುವಾರವೂ ಬಿಡದೆ ಬಂದು ಈ ಕೋಶಗಳಿಗೆ ಹೊಸ ದ್ರವ ಹಾಕಿ ಹಳೆಯದು ತೆಗೆದಿದ್ದೇನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಕ್ಕೂ ಹೀಗೆ ಹೊತ್ತು ಹೊತ್ತಿಗೆ ಊಟ ಹಾಕಲಿಲ್ಲ.

ಅರವತ್ತೊಂದು. ಬದುಕಿರುವ ಕೋಶ ನೂರಕ್ಕೆ ಹೇಗೆ ಅರವತ್ತೊಂದಾಯಿತು, ನಿನ್ನೆ ಸಂಜೆ ಎಂಬತ್ತೆಂಟಿತ್ತು, ನಾನೇ ಎಣಿಸಿದ್ದೆ. ಒಂದು ಹನಿ ಕೋಶ, ಒಂದು ಹನಿ ನೀಲಿ ಬಣ್ಣ, ಬೆರೆಸಿ ಸ್ಲೈಡಿನ ಮೇಲೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು, ಜೀವ ಇರುವುದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬೆಳ್ಳಗೆ ಹೊಳೆಯುತ್ತದೆ, ಸತ್ತದ್ದಕ್ಕೆ ತಡೆಯುವ ಶಕ್ತಿ ಎಲ್ಲಿ, ನೀಲಿಯಾಗುತ್ತದೆ, ನೂರಕ್ಕೆ ಎಪ್ಪತ್ತು ಬಿಳಿ ಇದ್ದರೆ ಚೀಲ ತುಂಬಬಹುದು, ಒಂದು ಕಡಿಮೆಯಾದರೂ ಆರು ವಾರ ಬೆಳೆಸಿದ ಇಡೀ ಕಂತು ಕಸಕ್ಕೆ. ಆದರೆ ಬೆರೆಸಿದ ಐದು ನಿಮಿಷದೊಳಗೆ ಎಣಿಸಿ ಮುಗಿಸಬೇಕು, ಹೊತ್ತು ಮೀರಿದರೆ ಆ ಬಣ್ಣವೇ ವಿಷ, ಬದುಕಿದ್ದವೂ ಸತ್ತು ನೀಲಿಯಾಗುತ್ತವೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುವ ಪಾಠ ಇದು. ಬೆರೆಸಿದ್ದೆ, ಸ್ಲೈಡು ಕೈಯಲ್ಲಿತ್ತು, ಆಗ ನೆತ್ತಿಯ ಮೇಲೆ — ಮೇಡಂ, ನಿನ್ನೆ ಪುಸ್ತಕದಲ್ಲಿ ನಿಮ್ ಸಹಿ ಗೆರೆ ದಾಟಿದೆ. ದಾಟಿದರೆ ದಾಟಲಿ ಎಂದು ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು, ನನ್ನ ಬಾಯಿಗೆ ಬೆಂಕಿ ಬೀಳ, ಸಾರ್ ನೀವು ಕೊಟ್ಟಿರೋ ಜಾಗದಲ್ಲಿ ಇರುವೆಯೂ ಸಹಿ ಹಾಕಕ್ಕಾಗಲ್ಲ ಎಂದೆ, ಅವನು ನಿಯಮ ಎಂದ, ನಾನು ನಿಯಮ ಬರೆದವರನ್ನ ಕರೀರಿ ಎಂದೆ, ಅವನು ಬೇರೆಯವರೆಲ್ಲ ಹಾಕ್ತಾರಲ್ಲ ಎಂದ, ಬೇರೆಯವರ ಹೆಸರಲ್ಲಿ ಎರಡೇ ಅಕ್ಷರ ಸಾರ್ ಎಂದೆ, ಏಳು ನಿಮಿಷ, ಏಳು ನಿಮಿಷ ಹಾಳು ಮಾಡಿದೆವು ಇಬ್ಬರೂ ಸೇರಿ. ನಮ್ಮವರು ಹೇಳುವುದು ಸುಳ್ಳಲ್ಲ, ಒಂದಕ್ಕೊಂದು ಎದುರು ಮಾತು ಆಡದಿದ್ರೆ ನಿನಗೆ ತಿಂದಿದ್ದು ಅರಗಲ್ಲ.

ಒಂದು ಸಲ ಮತ್ತೆ ಎಣಿಸಲು ಅವಕಾಶವಿದೆ, ಒಂದೇ ಸಲ, ಕಾರಣ ಬರೆದು. ಬಣ್ಣದಲ್ಲಿ ಹೊತ್ತು ಮೀರಿತು, ಎಂದು ಬರೆದೆ, ಗೆರೆಯೊಳಗೆ, ಸಹಿಯನ್ನೂ ಗೆರೆಯೊಳಗೇ ತುರುಕಿದೆ, ಈಗ ತೃಪ್ತಿಯೇ ನಿನಗೆ. ಯಾರಿಂದ ಮೀರಿತು ಎಂದು ಕೇಳುವ ಕಾಲಮ್ಮಿಲ್ಲ, ಪುಣ್ಯ ಅವನದು. ಇದು ಕೆಟ್ಟರೆ ಇನ್ನೊಂದು ಕಂತು ಬೆಳೆಯಲು ಮತ್ತೆ ಆರು ವಾರ, ಈ ಪ್ರಯೋಗದಲ್ಲಿ ರೋಗಿಗಳಿಗೆ ಚೀಲ ಇಡುವುದು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅಂದರೆ ಇವತ್ತು ಇಲ್ಲವಾದರೆ ಏಳನೇ ನಂಬರಿನ ರೋಗಿಗೆ ಚೀಲ ಇನ್ನಿಲ್ಲ. ನಮಗೆ ರೋಗಿಗಳು ಬರೀ ನಂಬರು, ಹೆಸರು ತಿಳಿಯಬಾರದು, ಮುಖ ನೋಡಬಾರದು, ಅದೂ ನಿಯಮವೇ, ಆದರೆ ಆ ಏಳನೇ ನಂಬರಿನ ಮನುಷ್ಯ ಒಂದು ದಿನ ದಾರಿ ತಪ್ಪಿ ನಮ್ಮ ಓಣಿಗೆ ಬಂದುಬಿಟ್ಟ, ಗಾಜಿಗೆ ಮೂಗು ಒತ್ತಿ ನಿಂತಿದ್ದ, ಅಕ್ಕಾ, ನಮ್ಮವು ಇರೋದು ಇಲ್ಲೇನಾ. ನಮ್ಮವು ಅಂತೆ! ಇಲ್ಲೆಲ್ಲ ಬರಬಾರ್ದಪ್ಪ, ಹೋಗು ಎಂದೆ, ಹೋಗಲಿಲ್ಲ, ಶಾಲೆ ಬಸ್ಸಿನ ಡ್ರೈವರ್ ಆಗಿದ್ದನಂತೆ, ಇಪ್ಪತ್ತು ವರ್ಷ ಓಡಿಸಿದ್ದನಂತೆ, ಸಕ್ಕರೆ ಇಳಿದರೆ ಎಲ್ಲರಿಗೂ ಬೆವರುತ್ತದೆ ನಡುಗುತ್ತದೆ, ಇವನಿಗೆ ಯಾವ ಸೂಚನೆಯೂ ಇಲ್ಲ, ದೀಪ ಆರಿದ ಹಾಗೆ ಎಚ್ಚರ ತಪ್ಪುತ್ತದೆ. ಬ್ರೇಕ್ ಮೇಲೆ ಕಾಲಿಟ್ಟಿದ್ದು ಗೊತ್ತು ಅಕ್ಕಾ, ಆಮೇಲೆ ಮಕ್ಳು ಅಳೋದು ಕೇಳಿಸ್ತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಲೈಸೆನ್ಸ್ ಕಿತ್ಕೊಂಡ್ರು, ಈಗ ಅದೇ ಶೆಡ್ಡಲ್ಲಿ ಬಸ್ ತೊಳೀತೀನಿ, ನನ್ ಬಸ್ಸನ್ನ ಬೇರೆಯವ್ನು ಓಡಿಸ್ಕೊಂಡ್ ಬರ್ತಾನೆ, ಗೇರ್ ಹಾಕೋಕೂ ಬರಲ್ಲ ಅವನಿಗೆ. ಆಮೇಲೆ ಕೋಶ ಬೆಳೆಯುವ ಇನ್‌ಕ್ಯುಬೇಟರ್ ಪೆಟ್ಟಿಗೆಯ ಕಡೆ ತಿರುಗಿ, ಒಳಗೆ ಮಲಗಿರುವ ಸಂಬಂಧಿಕರಿಗೆ ಹೇಳುವಂತೆ, ಚೆನ್ನಾಗಿ ಬೆಳೀರಪ್ಪಾ, ನಾನಿನ್ನೂ ರಿಟೈರ್ ಆಗಿಲ್ಲ. ನನಗೆ ನಗು ಬಂತು, ಸಿಟ್ಟೂ ಬಂತು, ಅವತ್ತಿನಿಂದ ದ್ರವ ಬದಲಿಸುವಾಗೆಲ್ಲ ನಾನೂ ಬಾಯಲ್ಲಿ ಗೊಣಗುತ್ತೇನೆ, ತಿನ್ರೋ ಸರಿಯಾಗಿ, ಅಲ್ಲಿ ಒಬ್ಬ ಬಸ್ ತೊಳೀತಾ ಇದಾನೆ.

ಸಾರ್, ಐದು ನಿಮಿಷ ಉಸಿರೆತ್ತಬೇಡಿ ಎಂದೆ ಗಾಜಿನ ಕಡೆ ನೋಡಿ, ಆಶ್ಚರ್ಯ, ಗುಂಡಿಯಿಂದ ಕೈ ತೆಗೆದು ಎರಡೂ ಕೈ ಮಡಿಲಲ್ಲಿಟ್ಟುಕೊಂಡ. ಹೊಸ ಹನಿ, ಹೊಸ ಬಣ್ಣ, ಟೈಮರ್ ಒತ್ತಿದೆ, ಒಂದು ನಿಮಿಷ, ಸ್ಲೈಡು ಕೂರಿಸಿದೆ, ಎಣಿಸುವ ಯಂತ್ರದಲ್ಲಿ ಎಡಗೈಯ ಗುಂಡಿ ಬಿಳಿಗೆ, ಬಲಗೈಯದು ನೀಲಿಗೆ, ಸ್ಲೈಡಿನ ಮೇಲೆ ಗೆರೆ ಕೊರೆದ ಮೊದಲನೇ ಚೌಕ, ಟಿಕ್ ಟಿಕ್ ಟಿಕ್, ಬಿಳಿ ಬಿಳಿ ಬಿಳಿ, ಹಾಗೆ ಬನ್ನಿ ದಾರಿಗೆ, ನೀಲಿ, ಸರಿ ಒಂದೆರಡು ಇರುತ್ತವೆ, ಬಿಳಿ, ನೀಲಿ, ನೀಲಿ, ನಿಲ್ಲಿ, ಇನ್ನೂ ಎರಡು ನಿಮಿಷವಾಗಿಲ್ಲವಲ್ಲ, ನೀಲಿ, ಎರಡನೇ ಚೌಕ, ಮೇಲಿನ ಗೆರೆ ಎಡಗಡೆ ಗೆರೆ ಮುಟ್ಟಿದ್ದು ಲೆಕ್ಕಕ್ಕೆ, ಕೆಳಗಿನದು ಬಲಗಡೆಯದು ಬಿಡಬೇಕು, ಕೆಳಗಿನ ಗೆರೆಯ ಮೇಲೇ ಐದು ಬಿಳಿ ಸಾಲಾಗಿ ಕೂತಿವೆ, ಹೊಳೆಯುತ್ತಿವೆ ಮುಂಡೇವು, ಒಂದು ಕೂದಲೆಳೆ ಮೇಲೆ ಕೂರಲು ನಿಮಗೇನಾಗಿತ್ತು, ಎಡಗೈ ಹೆಬ್ಬೆರಳು ತಾನಾಗಿ ಇಳಿಯುತ್ತದೆ, ಯಾರು ನೋಡುತ್ತಾರೆ, ಮೈಕ್ರೋಸ್ಕೋಪಿಗೆ ಇರುವುದು ನನ್ನ ಕಣ್ಣೊಂದೇ, ಎಪ್ಪತ್ತು ಎಂದರೆ ಎಪ್ಪತ್ತು, ಆಮೇಲೆ ಅವನ ಹೊಟ್ಟೆಯೊಳಗೆ ಸತ್ತ ಕೋಶಗಳ ಚೀಲ, ಕೀವು, ಜ್ವರ, ಮತ್ತೆ ಕುಯ್ದು ತೆಗೆಯುವುದು — ಒತ್ತಲಿಲ್ಲ. ಮೂರನೇ ಚೌಕ, ನಾಲ್ಕನೆಯದು, ಟಿಕ್. ಇನ್ನೂರಕ್ಕೆ ನೂರ ಹದಿನೆಂಟು. ಅಂದರೆ ಐವತ್ತೊಂಬತ್ತು. ಟೈಮರ್ ನೋಡಿದೆ, ನಾಲ್ಕು ನಿಮಿಷವೂ ಆಗಿಲ್ಲ.

ಹಾಗಾದರೆ ಆ ಏಳು ನಿಮಿಷವಲ್ಲ, ಮೈಕಪ್ಪನ ಗೆರೆಯೂ ಅಲ್ಲ, ನನ್ನ ಹಾಳು ಬಾಯಿಯೂ ಅಲ್ಲ, ಅವು ಸಾಯುತ್ತಲೇ ಇದ್ದವು, ನಾವು ಸಹಿಗೆ ಜಗಳವಾಡುವಾಗ ಒಳಗೆ ತಮ್ಮ ಪಾಡಿಗೆ ತಾವು ಸಾಯುತ್ತಿದ್ದವು, ಯಾಕೆ, ದ್ರವ ಸರಿಯಿತ್ತು, ಬಿಸಿ ಸರಿಯಿತ್ತು, ಎಲ್ಲ ಬರೆದಿದೆ, ಎಲ್ಲ ಗೆರೆಯೊಳಗಿದೆ, ಯಾರನ್ನಾದರೂ ಬಾಯಿಗೆ ಬಂದ ಹಾಗೆ ಬೈದು ಹಗುರಾಗೋಣವೆಂದರೆ ಒಬ್ಬರೂ ಸಿಗುತ್ತಿಲ್ಲ. ಎಷ್ಟು ಬಂತು ಮೇಡಂ. ಐವತ್ತೊಂಬತ್ತು ಸಾರ್. ಸ್ಪೀಕರಿನಲ್ಲಿ ಬರೀ ಗೊರಗೊರ, ಗುಂಡಿ ಒತ್ತಿಕೊಂಡೇ ಕೂತಿದ್ದಾನೆ, ಏನಾದರೂ ಹೇಳಯ್ಯಾ, ಮಾತಾಡು, ಸಹಿ ಗೆರೆ ದಾಟಿದೆ ಎನ್ನು. ಥಿಯೇಟರಿಗೆ ನಾನೇ ಹೇಳ್ತೀನಿ ಬಿಡಿ ಮೇಡಂ ಎಂದ, ಇಷ್ಟು ಮೆತ್ತಗೆ ಅವನು ಮಾತಾಡಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ, ಫೋನೆತ್ತಿದ, ಗುಂಡಿ ಬಿಡಲು ಮರೆತಿದ್ದಾನೆ, ಆ ಕಡೆಯ ಸರ್ಜನ್ ಮೇಡಂ ದನಿಯೂ ಕೇಳುತ್ತಿದೆ, ಅಯ್ಯೋ, ಟೋಪಿ ಹಾಕಿ ಮಲಗಿಸಿಬಿಟ್ಟಿದೀವಲ್ಲ, ಈಗಷ್ಟೇ ಹೊಟ್ಟೆ ಮೇಲೆ ಪೆನ್ನಲ್ಲಿ ಜಾಗ ಗುರುತು ಮಾಡ್ದೆ, ಸರಿಯಾಗಿ ಬರೀರಿ ಡಾಕ್ಟ್ರೇ, ಸ್ಟೇರಿಂಗ್‌ಗೆ ತಗಲಬಾರ್ದು ಅಂತಿದ್ದ. ಆ ಶಾಯಿ ಸೋಪಿಗೆ ಹೋಗುವುದಿಲ್ಲ, ಸ್ಪಿರಿಟ್ಟಿಗೂ ಪೂರ್ತಿ ಹೋಗುವುದಿಲ್ಲ, ನಾಲ್ಕೈದು ದಿನ ಇರುತ್ತದೆ, ನಾಳೆ ಶೆಡ್ಡಿನಲ್ಲಿ ಅಂಗಿ ಬಿಚ್ಚಿ ಬಸ್ ತೊಳೆಯುವಾಗಲೂ ಇರುತ್ತದೆ, ಬೆಂಕಿಪೊಟ್ಟಣದಷ್ಟು, ಹೊಕ್ಕಳಿನ ಎಡಕ್ಕೆ, ನೀಲಿ ಚೌಕ, ಒಳಗೆ ಏನೂ ಇಲ್ಲದ ಬರೀ ಚರ್ಮ, ಸುತ್ತ ನೀಲಿ ಗೆರೆ, ನಾಲ್ಕು ಗೆರೆ, ನೀಲಿ, ಚೌಕ, ನೀಲಿ —