ಪಿಸುಮಾತಿನ ಪಿ

"ಪಿ ಅಂದ್ರೆ ಪಿಸುಮಾತು, ಬಿ ಅಂದ್ರೆ ಬಾಯಿಬಡುಕಿ. ಇಷ್ಟು ನೆನಪಿಟ್ಕೊಂಡ್ರೆ ಸಾಕಮ್ಮ," ಎಂದು ಗಡಿಯಾರ ರಿಪೇರಿಯವರು ಮೊದಲ ಪಾಠದಲ್ಲೇ ಇವಳಿಗೆ ಹೇಳಿದ್ದರು.

ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ರೇಡಿಯೊ, ಎರಡರ ನಡುವೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಟೈಪು ಮಾಡಿದ್ದನ್ನು ಪೆಟ್ಟಿಗೆ ತುಂಡರಿಸಿ ಕಿರ್ರೆನ್ನುವ ಸದ್ದಾಗಿಸುತ್ತಿತ್ತು, ರೇಡಿಯೊ ಅದನ್ನು ಗಾಳಿಗೆ ಬಿಡುತ್ತಿತ್ತು. ಊರಿನ ರೇಡಿಯೊ ಹವ್ಯಾಸಿಗಳೆಲ್ಲ ಮನೆಯಲ್ಲಿ ಕೂತೇ, ತಮ್ಮ ರೇಡಿಯೊ ಮೂಲಕ, ಈ ಕಂಪ್ಯೂಟರಿನೊಳಗಿನ ಬುಲೆಟಿನ್ ಬೋರ್ಡಿಗೆ ಬಂದು ಸಂದೇಶ ಓದಿ, ಬರೆದು ಹೋಗುತ್ತಿದ್ದರು. ಪಿ ಒತ್ತಿದರೆ ಒಬ್ಬರಿಗೆ, ಬಿ ಒತ್ತಿದರೆ ಎಲ್ಲರಿಗೆ.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಇವಳು ಪರೀಕ್ಷೆ ಕಟ್ಟಿ ರೇಡಿಯೊ ಲೈಸೆನ್ಸ್ ತೆಗೆದುಕೊಂಡದ್ದು ಅಕ್ಕನಿಗಾಗಿ. ಅಕ್ಕನ ಮನೆಯ ಫೋನಿನ ಡಯಲಿಗೆ ಭಾವ ಬೀಗ ಹಾಕಿದ್ದ. ಬಂದ ಕಾಗದಗಳನ್ನು ತಾನೇ ಒಡೆಯುತ್ತಿದ್ದ. ರೇಡಿಯೊ ಮಾತ್ರ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಲೈಸೆನ್ಸ್ ಇದೆ ಎಂದು ಗೆಳೆಯರೆದುರು ಮೆರೆಯಲು ಅಕ್ಕನಿಂದ ಪರೀಕ್ಷೆ ಬರೆಸಿದವನೂ ಅವನೇ. ಅವನು ಕಚೇರಿಗೆ ಹೋದ ಮೇಲೆ ಅಕ್ಕ ಬೋರ್ಡಿಗೆ ಬರುತ್ತಿದ್ದಳು. ಕಳೆದ ವಾರ ಬರೆದಿದ್ದಳು: 'ಎಡಗೈ ಮಣಿಕಟ್ಟು ಊದಿದೆ. ಒಂದೇ ಕೈಲಿ ಟೈಪ್ ಮಾಡ್ತಿದೀನಿ. ತಪ್ಪಾದ್ರೆ ನಗಬೇಡ್ವೇ.'

ಇವತ್ತು ತಂಗಿ ಉತ್ತರ ಬರೆದಳು: 'ನಾಳೆ ಭಾವ ಆಫೀಸಿಗೆ ಹೋದ ತಕ್ಷಣ ಕಾರು ತರ್ತೀನಿ. ಹಿಂಬಾಗಿಲಲ್ಲಿರು. ವಾಪಸ್ ಹೋಗೋ ಮಾತೇ ಇಲ್ಲ.'

ಪಕ್ಕದಲ್ಲಿ ಊಟ ಮಾಡುತ್ತಿದ್ದ ರಿಪೇರಿಯವರು ಪರದೆಯತ್ತ ನೋಡಿ ಅಗಿಯುವುದನ್ನು ನಿಲ್ಲಿಸಿದರು.

"ಅಲ್ಲಮ್ಮಾ, ನೀನು ಒತ್ತಿದ್ದು ಯಾವುದು?"

ಸಂದೇಶದ ತಲೆಯ ಮೇಲೆ ಬಿ ಕೂತಿತ್ತು.

ಅವರು ಎಂಜಲು ಕೈಯಲ್ಲೇ ಅದನ್ನು ಅಳಿಸಿಹಾಕಿದರು. "ಹೋಯ್ತು ಬಿಡು. ಊಟದ ಹೊತ್ತಲ್ಲಿ ಯಾರು ನೋಡ್ತಾರೆ?"

"ಭಾವ ಓದೋದೇ ಊಟದ ಹೊತ್ತಲ್ಲಿ, ಗುರುಗಳೇ. ಆಫೀಸಲ್ಲೂ ಒಂದು ರೇಡಿಯೊ ಸೆಟ್ ಇಟ್ಕೊಂಡಿದಾರೆ."

ರೇಡಿಯೊ ಕಿರ್ರೆಂದಿತು. ಪರದೆಯ ಮೇಲೆ ಭಾವನ ಕರೆಸಂಕೇತ, ಗಾಳಿಯಲ್ಲಿ ಅವನ ಗುರುತು, ಮೂಡಿತು, ಕೊನೆಯಲ್ಲಿ ಏಳು. ಒಂದು ಎಂದಿದ್ದರೆ ಮನೆಯ ಸೆಟ್ಟು, ಏಳು ಕಚೇರಿಯದು. ಅಳಿಸುವ ಮುಂಚೆ ಪಟ್ಟಿಯಲ್ಲಿ ಕಂಡಿತ್ತೇನೋ, ಆ ಸಂದೇಶದ ಸಂಖ್ಯೆಯನ್ನೇ ಅವನು ಕೇಳಿದ. ಹಾಗೊಂದು ಸಂದೇಶ ಇಲ್ಲ ಎಂದಿತು ಬೋರ್ಡು. ಮತ್ತೆ ಕೇಳಿದ. ಆಮೇಲೆ ನೇರವಾಗಿ ರಿಪೇರಿಯವರಿಗೇ ಬರೆದ: 'ಈಗಷ್ಟೇ ನನ್ನ ಹೆಂಡತಿಗೆ ಏನೋ ಬಂದಿತ್ತು. ಕಾಣುತ್ತಿಲ್ಲ. ದಯವಿಟ್ಟು ತಿಳಿಸುವಿರಾ?'

ಆ 'ದಯವಿಟ್ಟು' ಎಂಬುದನ್ನು ತಂಗಿ ಎರಡು ಸಲ ಓದಿದಳು. ಕೈ ಎತ್ತುವ ಮುಂಚೆ ಅವರು ತುಂಬಾ ಮರ್ಯಾದೆಯಾಗಿ ಮಾತಾಡ್ತಾರೆ ಎಂದು ಅಕ್ಕ ಹೇಳಿದ್ದಳು.

"ಏನಂತ ಹೇಳ್ಲಿ?"

"ಡಿಸ್ಕ್ ಕೆಟ್ಟಿದೆ ಅನ್ನಿ."

ಅವರು ಹಾಗೇ ಬರೆದರು. 'ಓಹೋ. ಧನ್ಯವಾದ,' ಎಂದು ಭಾವ ಹೊರಟುಹೋದ. ಓದಿದ್ದಾನೋ, ಬರೀ ತಲೆಬರಹ ನೋಡಿದ್ದಾನೋ ತಿಳಿಯುವಂತಿರಲಿಲ್ಲ. ಅವನ ಕಚೇರಿ ಮನೆಗೆ ಹತ್ತಿರ, ಅವನ ನೀಲಿ ಸ್ಕೂಟರಿನಲ್ಲಿ ಐದೇ ನಿಮಿಷ. ಈ ಅಂಗಡಿ ಊರಿನ ಇನ್ನೊಂದು ತುದಿಯಲ್ಲಿತ್ತು.

ತಂಗಿ ಅಕ್ಕನ ಸೆಟ್ಟನ್ನೇ ನೇರವಾಗಿ ಕರೆದಳು. ಪೆಟ್ಟಿಗೆ ಕೂಗಿತು, ಕಾಯಿತು, ಮತ್ತೆ ಕೂಗಿತು. ಕೊನೆಗೊಮ್ಮೆ ಸಂಪರ್ಕ ಸಿಕ್ಕಿತು.

"ಹುಷಾರು," ಎಂದರು ರಿಪೇರಿಯವರು. "ಪಿ ಗುಟ್ಟು ಬೋರ್ಡಿನ ಒಳಗಷ್ಟೇ. ಗಾಳಿಯಲ್ಲಿ ಹೋಗೋದು ಎಲ್ಲರ ಪರದೆ ಮೇಲೂ ಬರುತ್ತೆ. ಕಣ್ಣಿಟ್ಟು ಕೂತ್ರೆ ಎಲ್ಲಾನೂ ಓದಬಹುದು."

"ಭಾವ ಕೂತಿರ್ತಾರೆ."

ಆಸ್ಪತ್ರೆ ಎಂದು ಬರೆದರೆ ಅವನು ಆಸ್ಪತ್ರೆಗೆ ಹೋಗುತ್ತಾನೆ. ಬಸ್ ನಿಲ್ದಾಣ ಎಂದರೆ ಅಲ್ಲಿಗೆ. ಅವಳು ಟೈಪು ಮಾಡಿದಳು:

'ಭಾವನಿಗೆ ಗೊತ್ತಾಗಿರಬಹುದು. ಈಗಲೇ ಹೊರಡು, ಚೀಲ ಬೇಡ. ಸಣ್ಣವಳಿದ್ದಾಗ ನಾನು ಕಳೆದುಹೋಗಿ ನಿನಗೆ ಸಿಕ್ಕಿದ ಜಾಗಕ್ಕೆ ಬಾ.'

ಅಕ್ಕನಿಂದ ಒಂದು ಸಾಲು ಬಂತು: 'ಎರಡು ಸಲ ಕಳೆದುಹೋಗಿದ್ಯಲ್ಲೇ ಕತ್ತೆ. ಯಾವುದು?'

ಅಳುವಿನ ನಡುವೆ ಅವಳಿಗೆ ನಗು ಬಂತು. 'ಜಾಗದ ಹೆಸರು ಬರೀಬೇಡ! ನೀನು ನನಗೆ ಹೊಡೆದಿದ್ಯಲ್ಲ, ಅದು.'

'ಗೊತ್ತಾಯ್ತು. ಹೊರಟೆ.'

ರಿಪೇರಿಯವರು ಕೈ ಒರೆಸಿಕೊಂಡು ಕಾರಿನ ಬೀಗದಕೈ ಕೊಟ್ಟರು. "ಎರಡನೇ ಗೇರ್ ಗಟ್ಟಿ. ಬೈದ್ರೆ ಬೀಳುತ್ತೆ."

ಆ ಜಾಗ ಹಳೆಯ ಚಿತ್ರಮಂದಿರದ ಹಿಂದಿನ ಸೈಕಲ್ ಸ್ಟ್ಯಾಂಡು. ಅಕ್ಕ ಅಂದು ಕೆನ್ನೆಗೆ ಬಾರಿಸಿ, ಮರುಕ್ಷಣ ತಾನೇ ಅತ್ತಿದ್ದಳು. ಅಪ್ಪ ಅಮ್ಮನಿಗೂ ಹೇಳದ ಸಂಗತಿ. ಇಬ್ಬರಿಗಷ್ಟೇ ಗೊತ್ತು ಎಂದುಕೊಳ್ಳುತ್ತ ಅವಳು ಮಾರುಕಟ್ಟೆ ದಾಟಿದಳು.

ಸಿಗ್ನಲಿನಲ್ಲಿ ನಿಂತಾಗ ಒಂದು ಹಳೆಯ ಮಾತು ನೆನಪಾಯಿತು. ಅಕ್ಕನ ಸಂಸಾರದಲ್ಲೂ ಒಳ್ಳೆಯ ದಿನಗಳಿದ್ದವು. ಆಗೊಮ್ಮೆ ಊಟಕ್ಕೆ ಕೂತಿದ್ದಾಗ ಭಾವ ಇವಳನ್ನು ಛೇಡಿಸಿದ್ದ: "ಏನಮ್ಮಾ, ಎರಡು ಸಲ ಕಳೆದುಹೋಗಿದ್ಯಂತೆ? ಮೂರನೇ ಸಲ ನಾವು ಹುಡುಕಲ್ಲಪ್ಪ." ಅಕ್ಕ ಪಕ್ಕದಲ್ಲಿ ಬಡಿಸುತ್ತ ನಗುತ್ತಿದ್ದಳು.

ಅಕ್ಕ ಅವನಿಗೆ ಎಷ್ಟು ಹೇಳಿದ್ದಳು? ಹೊಡೆದದ್ದನ್ನೂ ಹೇಳಿದ್ದಳೇ? ಜಾಗವನ್ನೂ?

ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅವಳು ಗೇರನ್ನು ಬೈದು, ಚಿತ್ರಮಂದಿರದ ಓಣಿಗೆ ಕಾರು ತಿರುಗಿಸಿದಳು. ಸ್ಟ್ಯಾಂಡಿನ ಗೇಟು ತೆರೆದಿತ್ತು. ಒಳಗೆ ಬಿಸಿಲಿನಲ್ಲಿ ಸ್ಕೂಟರುಗಳ ಉದ್ದನೆಯ ಸಾಲು. ಅಕ್ಕನನ್ನು ಹುಡುಕಬೇಕಾದ ಅವಳ ಕಣ್ಣು, ಭಾವನ ನೀಲಿ ಸ್ಕೂಟರಿಗಾಗಿ ಆ ಸಾಲಿನ ಒಂದೊಂದು ಹ್ಯಾಂಡಲನ್ನೂ ನೋಡುತ್ತ ಹೋಯಿತು.