ಜಾಲರಿಗೆ ಸಿಕ್ಕ ಚಿಂದಿ

ಹಳ್ಳದ ಶುಲ್ಕದ ಮೊದಲ ಸಭೆ ಮುರಿದುಬಿದ್ದದ್ದು ಒಂದೇ ಮಾತಿನಿಂದ. ಶಾಲೆಯ ದೊಡ್ಡ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ಇಕ್ಕಟ್ಟಾಗಿ ಕೂತಿದ್ದ ಜನರ ನಡುವೆ ಗಡಿಯಾರ ರಿಪೇರಿಯವನು ಎದ್ದು ನಿಂತ. ಮೇಲ್ಬೀದಿಯವರ ಕಡೆ ಬೆರಳು ಮಾಡಿ, "ನಿಮ್ಮ ಕಸವೇ ನನ್ನ ಹೆಂಡ್ತೀನ ನುಂಗಿದ್ದು" ಎಂದ.

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಪುರಸಭೆಯ ಎಂಜಿನಿಯರ್, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗಿ, ನಕ್ಷೆ ತೂಗುಹಾಕಿ ವಿವರಿಸಿದ್ದಳು. ಹಳ್ಳದ ಎರಡೂ ದಂಡೆಯ ಮನೆಗಳವರು ವರ್ಷಕ್ಕೊಮ್ಮೆ ಒಂದಿಷ್ಟು ಶುಲ್ಕ ಕೊಡುವುದು. ಆ ಹಣದಲ್ಲಿ ಮೋರಿಯ ಬಾಯಿಗಿರುವ ಕಬ್ಬಿಣದ ಜಾಲರಿಯನ್ನು ವಾರವಾರ ಚೊಕ್ಕ ಮಾಡಿಸುವುದು, ಮಳೆಗೆ ಮುಂಚೆ ಹೂಳೆತ್ತಿಸುವುದು, ಕುಸಿದ ದಂಡೆ ಕಟ್ಟಿಸುವುದು. ಅರ್ಧಕ್ಕಿಂತ ಹೆಚ್ಚು ಮನೆಯವರು ಒಪ್ಪಿದರೆ ಸಾಕಿತ್ತು. ಗಡಿಯಾರದವನ ಮಾತು ಕೇಳಿದ್ದೇ ಮೇಲ್ಬೀದಿಯ ಹಲ್ಲಿನ ಡಾಕ್ಟರು ಎದ್ದರು. ಅವರು ಬೇರೆಯವರ ಬಾಯಿ ತೆರೆಸುವುದರಲ್ಲಿ ಎಷ್ಟು ನಿಪುಣರೋ ತಮ್ಮ ಬಾಯಿ ಮುಚ್ಚುವುದರಲ್ಲಿ ಅಷ್ಟೇ ಹಿಂದೆ.

"ನೀರು ನಮ್ಮ ಮನೆಗೆ ಬರಲ್ಲ. ಬರದೇ ಇರೋ ನೀರಿಗೆ ದುಡ್ಡೂ ಕೊಟ್ಟು, ಕೊಲೆಗಾರರು ಅಂತ ಬೇರೆ ಅನ್ನಿಸ್ಕೊಳ್ಬೇಕಾ?"

ಮೇಲ್ಬೀದಿಯವರು ಒಬ್ಬೊಬ್ಬರೇ ಎದ್ದು ನಡೆದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಟೈಲರಮ್ಮ ತಲೆಯೆತ್ತಲಿಲ್ಲ.

ಟೈಲರಮ್ಮನ ಅಂಗಡಿ, ಗಡಿಯಾರದಣ್ಣನ ಅಂಗಡಿ ಎರಡಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡರ ಹಿಂದೆಯೂ ಹಳ್ಳ. ಗಡಿಯಾರದಣ್ಣನ ಹೆಂಡತಿಯನ್ನು ಟೈಲರಮ್ಮ ಬಾಯಿತುಂಬ ಅಕ್ಕ ಎನ್ನುತ್ತಿದ್ದಳು. ಹನ್ನೊಂದು ವರ್ಷ ಅವರಿಬ್ಬರೂ ಮಧ್ಯಾಹ್ನದ ಊಟ ಒಟ್ಟಿಗೆ ಮಾಡಿದ್ದರು. ಮೂರು ಮಳೆಗಾಲದ ಹಿಂದೆ ಒಂದು ಮಧ್ಯಾಹ್ನ ಹಳ್ಳ ಉಕ್ಕಿತು. ಮೋರಿ ಕಟ್ಟಿಕೊಂಡು, ಮುಂದೆ ಹರಿಯಬೇಕಾದ ನೀರು ಹಿಂದಕ್ಕೆ ನುಗ್ಗಿತು. ಗಿರಾಕಿಗಳ ಗಡಿಯಾರಗಳನ್ನು ಮೇಲಕ್ಕೆ ತರಲೆಂದು ಅಕ್ಕ ನೆಲಮಾಳಿಗೆಗೆ ಇಳಿದಿದ್ದಳು. ನೀರಿನ ಒತ್ತಡಕ್ಕೆ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ನಾಲ್ಕು ಜನ ಹೆಗಲು ಕೊಟ್ಟರೂ ಅದು ತೆರೆಯಲಿಲ್ಲ.

ಮರುದಿನ ನೀರಿಳಿದ ಮೇಲೆ, ಆ ದಿನಕ್ಕೆಂದು ಕರೆಸಿದ್ದ ಪುರಸಭೆಯ ಹಳೆಯ ಮೇಸ್ತ್ರಿ ಮತ್ತು ಇಬ್ಬರು ಆಳುಗಳು ಜಾಲರಿಗೆ ಸಿಕ್ಕಿದ್ದನ್ನು ಎಳೆದೆಳೆದು ತೆಗೆದರು. ಮರದ ಕೊಂಬೆ, ಹರಿದ ಹಾಸಿಗೆ, ಪ್ಲಾಸ್ಟಿಕ್ ಚೀಲ. ಅವೆಲ್ಲವನ್ನೂ ಒಂದಕ್ಕೊಂದು ಬಿಗಿದುಹಾಕಿದ್ದು ಬಟ್ಟೆಯ ಚಿಂದಿ. ಕೊಂಬೆಗೆ ಸುತ್ತಿ, ಕಂಬಿಗೆ ಹೆಣೆದುಕೊಂಡು, ಕೆಸರಿನಲ್ಲಿ ಗಟ್ಟಿಯಾಗಿ ಹಗ್ಗದ ಹಾಗಾಗಿತ್ತು. ಟೈಲರಮ್ಮ ದಂಡೆಯ ಮೇಲೆ ನಿಂತು ನೋಡಿದಳು. ಶಾಲೆಯ ಸಮವಸ್ತ್ರದ ಹಸಿರು, ಕಚೇರಿಯವರ ಪ್ಯಾಂಟಿನ ಬೂದು, ಜೇಬಿನ ಒಳಬಟ್ಟೆಯ ಬಿಳಿ. ಅವಳ ಕತ್ತರಿಯಿಂದ ಬಿದ್ದ ಬಟ್ಟೆಯನ್ನು ಅವಳಲ್ಲದೆ ಇನ್ಯಾರು ಗುರುತು ಹಿಡಿಯಬೇಕು? ವರ್ಷಗಟ್ಟಲೆ, ಸಂಜೆ ಅಂಗಡಿ ಗುಡಿಸಿ, ಚಿಂದಿಯನ್ನು ಹಿಂದಿನ ಗೋಡೆಯಾಚೆ ಸುರಿದಿದ್ದಳು. ಹಾಗೆ ಸುರಿಯದವರು ಆ ಸಾಲಿನಲ್ಲಿ ಯಾರಿದ್ದರು?

ಮೇಸ್ತ್ರಿ ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಏನೂ ನೋಡಿಲ್ಲದವನ ಹಾಗೆ ಚಿಂದಿಯ ಮುದ್ದೆಯನ್ನು ಲಾರಿಗೆಸೆದ. ಅಂದಿನಿಂದ ಅವಳು ಒಂದು ತುಂಡನ್ನೂ ಹಳ್ಳಕ್ಕೆ ಹಾಕಲಿಲ್ಲ. ಯಾರಿಗೂ ಏನೂ ಹೇಳಲೂ ಇಲ್ಲ.

ಎರಡನೇ ಸಭೆಗೆ ನಾಲ್ಕು ದಿನ ಇರುವಾಗ ಮೇಸ್ತ್ರಿ ಅಂಗಡಿಗೆ ಬಂದ. ಕೈಯಲ್ಲಿ ಪುರಸಭೆಯ ಖಾಕಿ ಪ್ಯಾಂಟು.

"ಸೊಂಟ ಸ್ವಲ್ಪ ಬಿಡಿಸಿಕೊಡಮ್ಮ. ಪಾರ್ಕಿನ ಗೇಟಲ್ಲಿ ಕೂತೂ ಕೂತೂ ಹೊಟ್ಟೆ ಬಂದ್ಬಿಟ್ಟಿದೆ."

ಅವಳು ಅಳತೆ ತೆಗೆದಳು. ಟೇಪು ಸುತ್ತುತ್ತಾ, ಮುಖ ನೋಡದೆ ಕೇಳಿದಳು. "ಅವತ್ತು ಅದು ಯಾರ ಬಟ್ಟೆ ಅಂತ ನಿಮಗೆ ಗೊತ್ತಾಗಿತ್ತು, ಅಲ್ವಾ?"

"ಗೊತ್ತಾಗದೆ ಏನು. ಹದಿನೆಂಟು ವರ್ಷ ಅದನ್ನೇ ತೆಗೆದಿದೀನಿ."

"ಮತ್ಯಾಕೆ ಹೇಳಲಿಲ್ಲ?"

"ಹೇಳಿ ಏನು ಕಡಿದು ಕಟ್ಟೆ ಹಾಕ್ಬೇಕಿತ್ತು? ವಾರವಾರ ಜಾಲರಿ ತೆಗೀತಿದ್ದವನು ನಾನು. ದುಡ್ಡಿಲ್ಲ ಅಂತ ಆ ಕೆಲಸಾನೇ ತೆಗೆದು, ಪಾರ್ಕಿನ ಗೇಟಿಗೆ ಹಾಕಿದ್ರು. ಎರಡು ವರ್ಷ ಹಳ್ಳದ ಕಡೆ ತಲೆ ಹಾಕಲಿಲ್ಲ. ಕಟ್ಟಿಕೊಳ್ಳುತ್ತೆ ಅಂತ ನನಗೆ ಗೊತ್ತಿತ್ತಮ್ಮ. ಒಂದು ದಿನ ಹೋಗಿ ಎಳೆದು ಹಾಕಿದ್ರೆ ನನ್ನ ಗಂಟೇನು ಹೋಗ್ತಿತ್ತು? ಹೋಗಲಿಲ್ಲ."

ಆ ಸಂಜೆ ಅವಳು ಗಂಡನಿಗೆ ಚಿಂದಿಯ ವಿಷಯ ಹೇಳಿ, ಅದನ್ನು ಸಭೆಯಲ್ಲೂ ಹೇಳಿಬಿಡುತ್ತೇನೆ ಎಂದಳು. ಅವನು ಛಾಪಖಾನೆಯಲ್ಲಿ ಅಚ್ಚಿನ ಕೆಲಸದವನು. ಉಗುರಿನ ಸಂದಿಯ ಶಾಯಿ ತಿಕ್ಕಿ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ.

"ಹುಚ್ಚು ಹಿಡಿದಿದೆಯಾ ನಿನಗೆ? ಮಾಯ್ದಿರೋ ಗಾಯ ಯಾಕೆ ಕೆರೀತೀಯ?"

"ಮಾಯ್ದಿಲ್ಲ ಕಣ್ರೀ. ಅಣ್ಣ ಮೇಲ್ಬೀದಿಯವರಿಗೆ ಶಾಪ ಹಾಕೋದನ್ನ ಮೂರು ವರ್ಷದಿಂದ ಗೋಡೆಯ ಈ ಕಡೆಯಿಂದ ಕೇಳಿಸ್ಕೊಂಡು ಹೂಂಗುಟ್ಟಿದೀನಿ. ಈಗ ಅದೇ ಮಾತಿಗೆ ಸಭೆ ಮುರಿದುಬಿತ್ತು. ಈ ಮಳೆಗಾಲಾನೂ ಜಾಲರಿ ಹಾಗೇ ಇರುತ್ತೆ. ಇನ್ನೊಂದು ಮನೆ ಮುಳುಗಿದ್ರೆ?"

ಅವನು ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಲೇ ಇದ್ದ. "ಹಾಗಾದ್ರೆ ನಾನೂ ಬರ್ತೀನಿ" ಎಂದ ಕೊನೆಗೆ.

ಎರಡನೇ ಸಭೆಗೆ ಮೇಲ್ಬೀದಿಯವರು ಬಂದದ್ದೇ ಬೇಡವೆನ್ನಲು. ಎಂಜಿನಿಯರ್ ಹುಡುಗಿಯ ದನಿ ಆಗಲೇ ಸೋತಿತ್ತು. ಯಾರಾದರೂ ಮಾತಾಡುವುದಿದೆಯೇ ಎಂದು ಅವಳು ಕೇಳಿದಾಗ ಟೈಲರಮ್ಮ ಎದ್ದಳು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವತ್ತು ಜಾಲರಿಗೆ ಸಿಕ್ಕಿಕೊಂಡಿದ್ದು ಬರೀ ಮೇಲ್ಬೀದಿಯವರ ಕಸ ಅಲ್ಲ. ನನ್ನ ಅಂಗಡಿ ಚಿಂದಿ. ಎಲ್ಲಾನೂ ಬಿಗಿದು ಹಿಡಿದಿದ್ದು ಅದೇ. ನಾನೇ ಸುರೀತಿದ್ದೆ, ದಿನಾ. ಮಾರನೇ ದಿನ ಕಣ್ಣಾರೆ ನೋಡ್ದೆ. ನೋಡಿಯೂ ಬಾಯಿ ಬಿಡಲಿಲ್ಲ." ಅವಳು ಪಕ್ಕಕ್ಕೆ ತಿರುಗಿದಳು. "ಅಣ್ಣ, ಬೇರೆಯವರನ್ನ ಬಯ್ಬೇಡಿ. ನನ್ನನ್ನ ಬಯ್ಯಿರಿ."

ಗಡಿಯಾರದಣ್ಣ ಬಯ್ಯಲಿಲ್ಲ. ಅವಳನ್ನು ಯಾರೋ ಅಪರಿಚಿತಳನ್ನು ನೋಡುವ ಹಾಗೆ ನೋಡಿದ. ಆಮೇಲೆ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಅವನ ಹೆಜ್ಜೆ ಮೆಟ್ಟಿಲಿಳಿಯುವ ಸದ್ದು ಎಲ್ಲರಿಗೂ ಕೇಳಿಸಿತು.

"ಸರಿಹೋಯ್ತು" ಎಂದರು ಹಲ್ಲಿನ ಡಾಕ್ಟರು. "ಶುಲ್ಕಾನೂ ಅವರ ಹತ್ರಾನೇ ವಸೂಲಿ ಮಾಡಿ."

ಒಬ್ಬಿಬ್ಬರು ನಕ್ಕರು. ಆಗ ಮೇಸ್ತ್ರಿ ಎದ್ದ. ಸಭೆಗಳಲ್ಲಿ ಕುರ್ಚಿ ಜೋಡಿಸಿ ಗೊತ್ತೇ ವಿನಾ ಮಾತಾಡಿ ಗೊತ್ತಿದ್ದವನಲ್ಲ.

"ಸಾರ್, ಈಯಮ್ಮನ ಚಿಂದಿ ತೆಗೆದಿದೀನಿ. ನಿಮ್ಮ ತೋಟದ ಕೊಂಬೆನೂ ತೆಗೆದಿದೀನಿ, ನಿಮ್ಮ ಹಳೇ ಹಾಸಿಗೆನೂ ತೆಗೆದಿದೀನಿ. ಜನ ಅಂದ್ಮೇಲೆ ಹಾಕ್ತಾರೆ, ಹಾಕಬಾರದು, ಆದ್ರೂ ಹಾಕ್ತಾರೆ. ತೆಗೆಯೋಕೆ ಒಬ್ಬ ಇದ್ದಷ್ಟು ದಿನ ಯಾರೂ ಸಾಯಲಿಲ್ಲ. ಅವನನ್ನ ತೆಗೆದ ಎರಡನೇ ವರ್ಷಕ್ಕೆ ಒಂದು ಹೆಣ್ಣುಜೀವ ಹೋಯ್ತು. ನನಗೆ ಗೊತ್ತಿರೋ ಲೆಕ್ಕ ಇಷ್ಟೇ."

ಈ ಸಲ ಯಾರೂ ನಗಲಿಲ್ಲ. ಎಂಜಿನಿಯರ್ ಹುಡುಗಿ ಮೆಲ್ಲಗೆ, "ಒಪ್ಪೋರು ಕೈ ಎತ್ತಿ" ಎಂದಳು. ಕೆಳಬೀದಿಯ ಕೈಗಳೆಲ್ಲ ಎದ್ದವು. ಮೇಲ್ಬೀದಿಯಲ್ಲಿ ಮೊದಲು ಒಬ್ಬ ಮುದುಕಿ ಎತ್ತಿದಳು, ನಂತರ ಬೇರೆ ಮನೆ ಮಾಡಿದ್ದ ಅವಳ ಸೊಸೆ, ಆಮೇಲೆ ಅಲ್ಲೊಂದು ಇಲ್ಲೊಂದು. ಡಾಕ್ಟರು ಕೈ ಕಟ್ಟಿಕೊಂಡೇ ಕೂತರು. ಒಂಬತ್ತು ಮನೆಗಳ ಅಂತರದಲ್ಲಿ ಶುಲ್ಕ ಪಾಸಾಯಿತು.

ಟೈಲರಮ್ಮನಿಗೆ ಅದರಿಂದ ಹಗುರವೇನೂ ಆಗಲಿಲ್ಲ. ಅರ್ಧದಷ್ಟು ಗಿರಾಕಿಗಳು ದಾರಿ ಬದಲಿಸಿದರು. ಅವಳನ್ನು ಕಂಡರೆ ಮಾತು ನಿಲ್ಲಿಸುವವರು ಕೆಲವರು, ಬೇಕೆಂದೇ ಜೋರಾಗಿ ಮಾತಾಡುವವರು ಕೆಲವರು. ಎಲ್ಲಕ್ಕಿಂತ ಕಷ್ಟವಾದದ್ದು ಪಕ್ಕದ ಗೋಡೆಯ ಮೌನ. ಮೊದಲು ಗಡಿಯಾರದಣ್ಣನ ಬೈಗುಳ ಕೇಳುತ್ತಿತ್ತು. ಈಗ ಕೆಮ್ಮೂ ಕೇಳುತ್ತಿರಲಿಲ್ಲ. ಅವಳು ಎದುರಾದರೆ ಅವನು ರಸ್ತೆ ದಾಟುತ್ತಿದ್ದ.

ಮೇಸ್ತ್ರಿ ತನ್ನ ಹಳೆಯ ಕೆಲಸಕ್ಕೆ ಮರಳಿದ. ಬೇಸಿಗೆಯಲ್ಲಿ ಹೂಳೆತ್ತುವ ಯಂತ್ರ ಬಂದು, ಹನ್ನೆರಡು ದಿನ ಹಳ್ಳದ ಹೊಟ್ಟೆ ಬಗೆಯಿತು. ಮಳೆಗಾಲದ ಎರಡನೇ ವಾರ ಮೂರು ದಿನ ಬಿಡದೆ ಸುರಿಯಿತು. ಟೈಲರಮ್ಮ ಹೊಲಿಗೆ ನಿಲ್ಲಿಸಿ ಹಿಂದಿನ ಕಿಟಕಿಯಲ್ಲಿ ನಿಂತಳು. ಕೆಂಪು ನೀರು ದಂಡೆಯ ಅರ್ಧದವರೆಗೆ ಏರಿ, ಮೋರಿಯೊಳಗೆ ಗಡಗಡ ಇಳಿದು, ಊರಾಚೆ ಹೋಯಿತು. ಬೀದಿಯಲ್ಲಿ ಜನ ಕೊಡೆ ಹಿಡಿದು ತಮ್ಮ ಪಾಡಿಗೆ ಓಡಾಡುತ್ತಿದ್ದರು. ಏನೂ ಆಗಲಿಲ್ಲ ಎಂಬುದು ಯಾರ ಗಮನಕ್ಕೂ ಬಂದಂತಿರಲಿಲ್ಲ.

ಮಳೆ ಹೊಳವಾದ ದಿನ ಬೆಳಿಗ್ಗೆ ಗಡಿಯಾರದಣ್ಣ ಅವಳ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ತುಂಬ ಇಳಿದುಹೋಗಿದ್ದ.

"ಆ ಚಿಂದೀಲಿ ಅವಳ ಬಟ್ಟೆದೂ ಇತ್ತಾ?"

ಇಲ್ಲ ಎಂದುಬಿಡಬಹುದಿತ್ತು. "ಇದ್ದಿರಬೇಕು ಅಣ್ಣ. ಅಕ್ಕನ ಬಟ್ಟೆ ಎಲ್ಲಾ ಹೊಲಿದೋಳು ನಾನೇ ತಾನೆ."

ಅವನು ತಲೆಯಾಡಿಸಿದ. ಮೇಜಿನ ಮೇಲಿನ ದಾರದುಂಡೆಯನ್ನೇ ನೋಡುತ್ತಾ, "ನೀರು ಕಾಲಿಗೆ ಬಂತು, ಸಾಕು ಅಂದಿದ್ಲು ಅವಳು" ಎಂದ. "ಇನ್ನೊಂದು ಪೆಟ್ಟಿಗೆ ಉಳಿದಿದೆ, ಅದನ್ನೂ ತಂದುಬಿಡು ಅಂತ ಕಳಿಸಿದ್ದು ನಾನು. ಯಾರಿಗೂ ಹೇಳಿಲ್ಲ ಇದನ್ನ."

ಟೈಲರಮ್ಮ ಎದ್ದು ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ಸಮಾಧಾನದ ಮಾತು ಆಡಲು ತನಗೇನು ಅಧಿಕಾರವೆಂದು ಸುಮ್ಮನೆ ಎದುರಿಗೆ ಕೂತಳು. ಅವನು ಅತ್ತ. ಅವಳೂ ಅತ್ತಳು. ಬಟ್ಟೆ ಕೊಡಲು ಬಂದ ಯಾರೋ ಬಾಗಿಲಲ್ಲಿ ಇಣುಕಿ ಹಿಂದೆ ಸರಿದರು.

ಅವರ ನಡುವಿನ ಸಲಿಗೆ ಹಿಂದಿನಂತಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆದರೆ ಗಡಿಯಾರದಣ್ಣ ರಸ್ತೆ ದಾಟುವುದನ್ನು ಬಿಟ್ಟ. ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ ಇಬ್ಬರೂ ತಮ್ಮ ತಮ್ಮ ಹಿತ್ತಿಲಿನಿಂದ ಹಳ್ಳ ನೋಡುತ್ತಿದ್ದರು. "ಇವತ್ತು ಕಮ್ಮಿ ಇದೆ" ಎನ್ನುತ್ತಿದ್ದ ಅವನು. "ಹೌದಣ್ಣ, ಕಮ್ಮಿ ಇದೆ" ಎನ್ನುತ್ತಿದ್ದಳು ಅವಳು.